ಕುದುರೆ ಓಟ ಕಿರುತೆರೆಗೆ ಬಂದಾಗ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಸೀಮೆಯ ಜಾತ್ರೆಗಳಲ್ಲಿ ‘ಶರ್ಯತ್ತು’ ಎಂದರೆ ಸಾಕು, ಬೇರೆ ವಿವರಣೆ ಬೇಕಿಲ್ಲ. ಜೋಡೆತ್ತಿನ ಗಾಡಿ ಓಟ, ಜೋಡು ಕುದುರೆ ಗಾಡಿ ಓಟ, ಒಂದೇ ನೊಗಕ್ಕೆ ಒಂದು ಕುದುರೆ, ಒಂದು ಎತ್ತು ಹೂಡಿ ಓಡಿಸುವ ವಿಚಿತ್ರ ಜೋಡಿಯ ಓಟ ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿವೆ. ಇದರ ಜೊತೆಗೆ ತೆರೆಬಂಡಿ ಸ್ಪರ್ಧೆ ಬೇರೆ. ಗಾಲಿ ಉರುಳದಂತೆ ಬಿಗಿದು ಕಟ್ಟಿದ ಬಂಡಿಯನ್ನು ಎತ್ತುಗಳು ಗೊತ್ತುಪಡಿಸಿದ ವೇಳೆಯಲ್ಲಿ ಎಷ್ಟು ದೂರ ಎಳೆದವು ಎಂಬುದೇ ಅಲ್ಲಿಯ ಲೆಕ್ಕ. ಒಂದು ಸ್ಪರ್ಧೆಯಲ್ಲಿ ವೇಗ, ಇನ್ನೊಂದರಲ್ಲಿ ಬಲ.

ಈಚಿನ ವರ್ಷಗಳಲ್ಲಿ ಈ ಸ್ಪರ್ಧೆಗಳಿಗೆ ಹೊಸ ಪ್ರೇಕ್ಷಕರೊಬ್ಬರು ಬಂದಿದ್ದಾರೆ. ಅವರು ಹೊಲದ ಬದುವಿನ ಮೇಲೆ ನಿಲ್ಲುವುದಿಲ್ಲ, ಧೂಳು ಕುಡಿಯುವುದಿಲ್ಲ. ಗಾಡಿಯ ಹಿಂದೆ ಮೋಟಾರ್ ಸೈಕಲ್ ಮೇಲೆ ಹೋಗುವ ಹುಡುಗ ಎತ್ತಿ ಹಿಡಿದ ಮೊಬೈಲ್ ಮೂಲಕ, ದುಡಿಯಲು ಹೋದ ದೂರದ ಊರಿನಲ್ಲಿ ಕುಳಿತು ನೋಡುತ್ತಾರೆ. ಇದರ ಬಗ್ಗೆ ಚಹಾದಂಗಡಿಯಲ್ಲಿ ಮೂರು ಬಗೆಯ ಅಭಿಪ್ರಾಯ ಕೇಳಿಬರುತ್ತದೆ. ನಮ್ಮೂರ ಎತ್ತು ನಾಲ್ಕು ದೇಶಕ್ಕೆ ಗೊತ್ತಾಯಿತು ಎಂದು ಕೆಲವರಿಗೆ ಹೆಮ್ಮೆ. ಪರದೆಯ ಮೇಲೆ ನೋಡಿದ್ದು ಶರ್ಯತ್ತೇ ಅಲ್ಲ ಎಂಬುದು ಹಿರಿಯರ ತಕರಾರು. ಈ ಚಿತ್ರಗಳೇ ನಾಳೆ ಕೋರ್ಟಿನ ಮೆಟ್ಟಿಲು ಹತ್ತಿಸುತ್ತವೆ ಎಂಬುದು ಸಂಘಟಕರ ಅಂಜಿಕೆ.

ಸ್ವಾರಸ್ಯದ ಸಂಗತಿಯೆಂದರೆ, ಈ ಮೂರೂ ಅಭಿಪ್ರಾಯಗಳು ಹೊಸವಲ್ಲ. ಓಡುವ ಪ್ರಾಣಿಯನ್ನು ಕ್ಯಾಮೆರಾದಲ್ಲಿ ಹಿಡಿಯಲು ಹೊರಟ ದಿನದಿಂದಲೂ ಹೆಮ್ಮೆ, ಅಸಮಾಧಾನ, ಅಂಜಿಕೆ ಒಟ್ಟಿಗೇ ಹುಟ್ಟಿವೆ. ಆ ಕಥೆಗೆ ಸುಮಾರು ನೂರೈವತ್ತು ವರ್ಷಗಳ ವಯಸ್ಸು.

ಕಣ್ಣು ಸೋತಲ್ಲಿ ಕ್ಯಾಮೆರಾ

ಚಲನಚಿತ್ರ ಹುಟ್ಟುವ ಮೊದಲೇ ಕುದುರೆ ಅದಕ್ಕಾಗಿ ಓಡಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ನಾಗಾಲೋಟದಲ್ಲಿರುವ ಕುದುರೆಯ ನಾಲ್ಕೂ ಗೊರಸುಗಳು ಯಾವುದಾದರೂ ಒಂದು ಕ್ಷಣ ನೆಲ ಬಿಟ್ಟಿರುತ್ತವೆಯೇ? ಈ ಪ್ರಶ್ನೆಗೆ ಬರಿಗಣ್ಣಿನಿಂದ ಉತ್ತರ ಸಿಗುವುದಿಲ್ಲ. ಫ್ರೆಂಚ್ ಚಿತ್ರಕಾರ ಜೆರಿಕೋ 1821ರಲ್ಲಿ ಇಂಗ್ಲೆಂಡಿನ ಎಪ್ಸಮ್ ಡರ್ಬಿ ಓಟವನ್ನು ಚಿತ್ರಿಸಿದಾಗ ಕುದುರೆಗಳ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ, ಗಾಳಿಯಲ್ಲಿ ತೇಲುತ್ತಿರುವಂತೆ ಬರೆದ. ನೋಡಲು ಬಲು ಸೊಗಸು. ಆದರೆ ಅದು ತಪ್ಪು.

ತಪ್ಪೆಂದು ತೋರಿಸಿದ್ದು 1878ರ ಜೂನ್ ತಿಂಗಳು. ಅಮೆರಿಕದ ರೈಲ್ವೆ ಧನಿಕ ಲೀಲಂಡ್ ಸ್ಟ್ಯಾನ್‌ಫರ್ಡ್ ಕುದುರೆಗಳ ಹುಚ್ಚಿನವನು. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿದ್ದ ಅವನ ಕುದುರೆ ಮೈದಾನದಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನು ನಿಲ್ಲಿಸಿದ. ಕುದುರೆ ಮುಂದೆ ಸಾಗಿದಂತೆ ಒಂದರ ಹಿಂದೊಂದು ಕ್ಯಾಮೆರಾ ಕಣ್ಣು ಮಿಟುಕಿಸಿತು. ನಾಲ್ಕೂ ಗೊರಸು ನೆಲ ಬಿಡುವುದು ನಿಜವೆಂದು ಸಾಬೀತಾಯಿತು. ಆದರೆ ಕಾಲುಗಳು ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ! ಶತಮಾನಗಳಿಂದ ಚಿತ್ರಕಾರರು ನಂಬಿದ್ದನ್ನು ಒಂದು ಓಟ ಅಳಿಸಿಹಾಕಿತು. ಬಿಡಿ ಬಿಡಿಯಾಗಿದ್ದ ಆ ಚಿತ್ರಗಳನ್ನು ವೇಗವಾಗಿ ಒಂದರ ಮೇಲೊಂದು ತೋರಿಸಿದರೆ ಕುದುರೆ ಮತ್ತೆ ಓಡುತ್ತದೆ ಎಂಬ ತಿಳಿವಳಿಕೆಯೇ ಮುಂದೆ ಸಿನಿಮಾಕ್ಕೆ ದಾರಿ ಮಾಡಿತು.

ಸಿನಿಮಾ ಬಂದ ಕೂಡಲೇ ಅದೂ ರೇಸ್ ಮೈದಾನಕ್ಕೆ ಓಡಿತು. 1896ರ ಡರ್ಬಿಯಲ್ಲಿ ಇಂಗ್ಲೆಂಡಿನ ಯುವರಾಜನ ಕುದುರೆ ಪರ್ಸಿಮನ್ ಗೆದ್ದಿತು. ರಾಬರ್ಟ್ ಪಾಲ್ ಎಂಬಾತ ಅದನ್ನು ಚಿತ್ರೀಕರಿಸಿ ಮರುದಿನ ರಾತ್ರಿಯೇ ಲಂಡನ್ನಿನ ನಾಟಕಶಾಲೆಯಲ್ಲಿ ತೋರಿಸಿದ. ಮೈದಾನಕ್ಕೆ ಹೋಗದವರೂ ಓಟ ನೋಡಬಹುದೆಂಬುದು ಅಂದು ಜನರಿಗೆ ಹೊಳೆಯಿತು.

ತೋರಿಸಬೇಕೆಂದು ಹೋದದ್ದು, ಕಂಡದ್ದು

ಆದರೆ ಕ್ಯಾಮೆರಾ ಹೇಳಿದಷ್ಟೇ ನೋಡುವ ವಿಧೇಯ ಆಳಲ್ಲ. 1913ರ ಜೂನ್ 4ರಂದು ಎಪ್ಸಮ್‌ನಲ್ಲಿ ಅದು ಎಲ್ಲರಿಗೂ ಅರಿವಾಯಿತು. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಎಮಿಲಿ ಡೇವಿಸನ್ ಬೇಲಿ ದಾಟಿ, ಓಡಿ ಬರುತ್ತಿದ್ದ ಕುದುರೆಗಳ ನಡುವೆ ನಿಂತರು. ದೊರೆಯ ಕುದುರೆ ಆನ್‌ಮರ್ ಅವರಿಗೆ ಡಿಕ್ಕಿ ಹೊಡೆಯಿತು. ನಾಲ್ಕು ದಿನಗಳ ನಂತರ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಸುದ್ದಿಚಿತ್ರದ ಕ್ಯಾಮೆರಾಗಳು ಗೆಲ್ಲುವ ಕುದುರೆಯನ್ನು ಹಿಡಿಯಲು ಹೋಗಿದ್ದವು, ಹಿಡಿದದ್ದು ಒಂದು ಹೋರಾಟದ ಬಲಿದಾನವನ್ನು. ಆ ವರ್ಷ ಗೆದ್ದ ಕುದುರೆಯ ಹೆಸರು ಇಂದು ಎಷ್ಟು ಜನರಿಗೆ ನೆನಪಿದೆ?

ಮುಂದಿನ ಹೆಜ್ಜೆ ಆಕಾಶವಾಣಿಯದು. 1927ರಲ್ಲಿ ಬಿಬಿಸಿ ಲಿವರ್‌ಪೂಲ್ ಬಳಿಯ ಏಂಟ್ರಿಯಲ್ಲಿ ನಡೆಯುವ ‘ಗ್ರ್ಯಾಂಡ್ ನ್ಯಾಷನಲ್’ ಓಟದ ವೀಕ್ಷಕ ವಿವರಣೆಯನ್ನು ಮೊದಲ ಬಾರಿಗೆ ಪ್ರಸಾರ ಮಾಡಿತು. ಟೆಲಿವಿಷನ್ನಿನ ಆದ್ಯ ಸಂಶೋಧಕರಲ್ಲಿ ಒಬ್ಬರಾದ ಜಾನ್ ಲೋಗಿ ಬೇರ್ಡ್ 1931ರಲ್ಲಿ ತಮ್ಮ ಯಂತ್ರವನ್ನು ಎಪ್ಸಮ್‌ಗೆ ಒಯ್ದು ಡರ್ಬಿಯ ನೇರಪ್ರಸಾರ ಮಾಡಿದರು. ಮರುವರ್ಷ ಲಂಡನ್ನಿನ ಚಿತ್ರಮಂದಿರವೊಂದರಲ್ಲಿ ಜನ ಕುಳಿತು ಅದೇ ಹೊತ್ತಿನಲ್ಲಿ ನಡೆಯುತ್ತಿದ್ದ ಓಟವನ್ನು ನೋಡಿದರು. ಬೇರ್ಡ್ ಚಿತ್ರದಲ್ಲಿ ಇದ್ದದ್ದು ಕೇವಲ 30 ಗೆರೆ. ನಮ್ಮ ದೂರದರ್ಶನ ಬಳಸಿದ ಚಿತ್ರಕ್ಕೆ 625 ಗೆರೆ. ಮಸುಕು ನೆರಳುಗಳಂತೆ ಕುದುರೆಗಳು ಹಾದುಹೋದರೂ, ಈಗ, ಈ ಕ್ಷಣ ಎಂಬ ರೋಮಾಂಚನಕ್ಕೆ ಅದು ಸಾಕಿತ್ತು.

ರೇಸ್ ನಡೆಸುವವರಿಗೆ ಮಾತ್ರ ಈ ಪ್ರಸಾರಗಳಿಂದ ಸಂಕಟ. ಮನೆಯಲ್ಲೇ ಓಟ ಸಿಕ್ಕರೆ ಟಿಕೆಟ್ ಕೊಂಡು ಮೈದಾನಕ್ಕೆ ಯಾರು ಬರುತ್ತಾರೆ? ಏಂಟ್ರಿಯ ಮಾಲೀಕರಿಗೂ ಬಿಬಿಸಿಗೂ ಹಕ್ಕಿನ ವಿಚಾರದಲ್ಲಿ ಜಗಳವಾಗಿ, 1952ರಲ್ಲಿ ಮಾಲೀಕರು ತಮ್ಮದೇ ವಿವರಣೆಕಾರರನ್ನು ನಿಲ್ಲಿಸಿ ನಗೆಪಾಟಲಾದರು. ಗ್ರ್ಯಾಂಡ್ ನ್ಯಾಷನಲ್ ಟಿವಿಗೆ ಬಂದದ್ದು 1960ರಲ್ಲಿ. ಮುಂದೆ ನಡೆದದ್ದು ತಿರುವುಮುರುವು. ಟಿವಿಯೇ ಆ ಓಟವನ್ನು ಜಗತ್ತಿಗೆ ಪರಿಚಯಿಸಿತು, ಪ್ರಸಾರದ ಹಕ್ಕೇ ಆದಾಯದ ಮೂಲವಾಯಿತು.

ಪರದೆ ಹೇಳುವ ನಿಜ, ಪರದೆಯ ಸುಳ್ಳು

ಪರದೆಯ ಮೇಲಿನ ಓಟ ಓಟವೇ ಅಲ್ಲ ಎನ್ನುವ ನಮ್ಮ ಹಿರಿಯರ ಮಾತಿನಲ್ಲಿ ತಾಂತ್ರಿಕವಾಗಿಯೂ ತಥ್ಯವಿದೆ. ದೂರದ ವಸ್ತುವನ್ನು ಹತ್ತಿರ ಎಳೆದು ತೋರಿಸುವ ಮಸೂರ ಮುಂದಿನ, ಹಿಂದಿನ ಕುದುರೆಗಳ ಅಂತರವನ್ನು ಕುಗ್ಗಿಸುತ್ತದೆ. ಎದುರಿನಿಂದ ನೋಡಿದಾಗ ಒತ್ತೊತ್ತಾಗಿ ಕಾಣುವ ಕುದುರೆಗಳ ನಡುವೆ ನಿಜದಲ್ಲಿ ಹಲವು ಮಾರು ಅಂತರ ಇರಬಹುದು. ಕ್ಯಾಮೆರಾ ಗೆಲುವಿನ ಗೆರೆಯ ನೇರಕ್ಕೆ ಇಲ್ಲದಿದ್ದರೆ ಹಿಂದಿರುವ ಕುದುರೆಯೇ ಮುಂದಿದ್ದಂತೆಯೂ ತೋರೀತು.

ಈ ದೋಷಕ್ಕೆ ಮದ್ದಾಗಿ ಬಂದದ್ದು ‘ಫೋಟೊ ಫಿನಿಷ್’. ಈ ಕ್ಯಾಮೆರಾ ಗೆಲುವಿನ ಗೆರೆಯನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಅದರ ಮುಂದೆ ಇರುವುದು ಕೂದಲೆಳೆಯಂಥ ಸೀಳು. ಆ ಸೀಳಿನ ಹಿಂದೆ ಮೊದಲೆಲ್ಲ ಫಿಲ್ಮ್ ಸುರುಳಿ ಬಿಡದೆ ಚಲಿಸುತ್ತಿತ್ತು. ಹೀಗಾಗಿ ನಮಗೆ ಸಿಗುವುದು ಒಂದು ಕ್ಷಣದಲ್ಲಿ ಮೈದಾನ ಹೇಗಿತ್ತು ಎಂಬ ಚಿತ್ರವಲ್ಲ, ಒಂದೇ ಗೆರೆಯನ್ನು ಯಾರು ಯಾವ ಕ್ಷಣದಲ್ಲಿ ದಾಟಿದರು ಎಂಬ ಲೆಕ್ಕಪತ್ರ. ಎಪ್ಸಮ್ ಡರ್ಬಿಯ ಫಲಿತಾಂಶ ಮೊದಲ ಬಾರಿಗೆ ಹೀಗೆ ತೀರ್ಮಾನವಾದದ್ದು 1949ರಲ್ಲಿ, ನಿಂಬಸ್ ಎಂಬ ಕುದುರೆ ಗೆದ್ದಾಗ. ನಮ್ಮ ಕರಾವಳಿಯ ಕಂಬಳದಲ್ಲಿ ಈಗ ಲೇಸರ್ ಕಿರಣ ಇದೇ ಕೆಲಸ ಮಾಡುತ್ತದೆ.

ನ್ಯಾಯ ಹೇಳುವ ಈ ಕಣ್ಣು ಅನ್ಯಾಯವನ್ನೂ ಕಾಣತೊಡಗಿತು. 1993ರ ಏಪ್ರಿಲ್ 3ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಆರಂಭವೇ ತಪ್ಪಿತು. ವಾಪಸು ಕರೆಯುವ ಸೂಚನೆ ತಿಳಿಯದೆ ಬಹುಪಾಲು ಜಾಕಿಗಳು ಓಡಿಯೇ ಬಿಟ್ಟರು. ಕೋಟ್ಯಂತರ ಜನರ ಕಣ್ಣೆದುರು ನಡೆದ ಆ ಓಟ ಕೊನೆಗೆ ಅಸಿಂಧುವಾಯಿತು. ನಗೆಯ ಜೊತೆಗೆ ನಾಚಿಕೆಯೂ ನೇರಪ್ರಸಾರವಾಯಿತು. 2011ರದು ಅದಕ್ಕಿಂತ ಕಠೋರ. ಬೇಲಿ ಜಿಗಿಯುವಾಗ ಬಿದ್ದು ಎರಡು ಕುದುರೆಗಳು ಸತ್ತವು. ಮುಂದಿನ ಸುತ್ತಿನಲ್ಲಿ ಉಳಿದ ಕುದುರೆಗಳನ್ನು ಆ ಬೇಲಿಗಳನ್ನು ಬಿಟ್ಟು ಪಕ್ಕದಿಂದ ಹಾಯಿಸಿದರು. ಮೇಲಿನಿಂದ ಹಿಡಿದ ದೃಶ್ಯದಲ್ಲಿ ಮುಚ್ಚಿಟ್ಟ ಕಳೇಬರಗಳು ಎಲ್ಲರಿಗೂ ಕಂಡವು. ಗೆದ್ದ ಜಾಕಿಗೆ ಚಾಟಿಯನ್ನು ಮಿತಿಮೀರಿ ಬಳಸಿದ್ದಕ್ಕೆ ಐದು ದಿನಗಳ ನಿಷೇಧ. ಇದನ್ನು ತೋರಿಸಿದ್ದೇಕೆ ಎಂದು ಕೆಲವರು, ತೋರಿಸಿಯೂ ಬಾಯಿ ಬಿಟ್ಟು ಹೇಳಲಿಲ್ಲವೇಕೆ ಎಂದು ಇನ್ನು ಕೆಲವರು ಸಿಡಿಮಿಡಿಗೊಂಡರು.

ಆದರೆ ಆ ಸಿಡಿಮಿಡಿಯಿಂದಲೇ ನಿಯಮಗಳು ಬದಲಾದವು. ಬ್ರಿಟನ್ನಿನಲ್ಲಿ ಒಂದು ಓಟದಲ್ಲಿ ಎಷ್ಟು ಬಾರಿ ಚಾಟಿ ಬೀಸಬಹುದೆಂಬ ಎಣಿಕೆ 2011ರಲ್ಲಿ ಬಿಗಿಯಾಯಿತು. 2023ರಲ್ಲಿ ಇನ್ನೂ ಇಳಿದು, ಸಮತಟ್ಟು ಓಟಕ್ಕೆ 6, ಬೇಲಿ ಜಿಗಿತದ ಓಟಕ್ಕೆ 7 ಎಂದಾಯಿತು. ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಓಡುವ ಕುದುರೆಗಳ ಸಂಖ್ಯೆ 2024ರಿಂದ 40ರ ಬದಲು 34ಕ್ಕೆ ಇಳಿಯಿತು. ಚಾಟಿಯ ಏಟನ್ನು ಎಣಿಸುವವರಾರು? ಅದೇ ಕ್ಯಾಮೆರಾ.

ಇನ್ನೊಂದು ವಿಚಿತ್ರವನ್ನೂ ಇಲ್ಲಿ ನೆನೆಯಬೇಕು. ಕೊರೊನಾದಿಂದಾಗಿ 2020ರಲ್ಲಿ ಗ್ರ್ಯಾಂಡ್ ನ್ಯಾಷನಲ್ ರದ್ದಾದಾಗ ಬ್ರಿಟನ್ನಿನ ಐಟಿವಿ ವಾಹಿನಿ ಕಂಪ್ಯೂಟರ್ ಸೃಷ್ಟಿಸಿದ ಓಟವನ್ನು ಪ್ರಸಾರ ಮಾಡಿತು. ಕುದುರೆಯಿಲ್ಲ, ಬೆವರಿಲ್ಲ, ಹುಲ್ಲಿಲ್ಲ. ಆದರೂ ಲಕ್ಷಾಂತರ ಜನ ನೋಡಿದರು, ಬಾಜಿ ಕಟ್ಟಿದರು. ಹಾಗಾದರೆ ಇಷ್ಟು ವರ್ಷ ಪರದೆಯ ಮೇಲೆ ಜನ ನೋಡುತ್ತಿದ್ದದ್ದು ಕುದುರೆಯನ್ನೋ, ಅದರ ಬೆನ್ನ ಮೇಲಿನ ಸಂಖ್ಯೆಯನ್ನೋ?

ಸರಂಜಾಮಿನಿಂದ ಬಾಜಿಯವರೆಗೆ

ನಮ್ಮ ಕಡೆಗೆ ಬರೋಣ. ಕೃಷ್ಣೆ, ಘಟಪ್ರಭೆಯರ ನಡುವಿನ ಈ ನಾಡಿಗೆ ಕುದುರೆ ಹೊಸದಲ್ಲ. ಜಮಖಂಡಿಯ ಪಟವರ್ಧನರಾಗಲಿ, ಮುಧೋಳದ ಘೋರ್ಪಡೆಯವರಾಗಲಿ ರಾಜ್ಯ ಕಟ್ಟಿದ್ದು ಕುದುರೆಯ ಬೆನ್ನ ಮೇಲೆ. ಇಂತಿಷ್ಟು ಸವಾರರನ್ನು ಸಾಕಿ ಯುದ್ಧಕ್ಕೆ ಒದಗಿಸಬೇಕೆಂಬ ಕರಾರಿನ ಮೇಲೆ ಪೇಶ್ವೆಗಳ ಕಾಲದಲ್ಲಿ ಸರದಾರರಿಗೆ ಸರಂಜಾಮು ಭೂಮಿ ಸಿಗುತ್ತಿತ್ತು. ಜಮಖಂಡಿ ಮನೆತನದ ಪೂರ್ವಜ ಪರಶುರಾಮಭಾವು ಪಟವರ್ಧನ 1790–91ರಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಬಲವೂ ಸವಾರರ ದಂಡೇ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಯುದ್ಧದ ಕುದುರೆಗೆ ಕೆಲಸ ಕಡಿಮೆಯಾಯಿತು. ಓಡುವ ಪ್ರಾಣಿಯ ಮೇಲಿನ ಪ್ರೀತಿ ಮಾತ್ರ ಉಳಿಯಿತು. ಮುಧೋಳದ ಬೇಟೆ ನಾಯಿ ಇಂದಿಗೂ ಅದಕ್ಕೆ ಸಾಕ್ಷಿ.

ರೇಸ್ ಎಂಬ ಸಂಘಟಿತ ಕ್ರೀಡೆ ಬೆಳೆದದ್ದು ಬೇರೆ ಕಡೆ, ಬ್ರಿಟಿಷ್ ದಂಡುಗಳು ಬೀಡುಬಿಟ್ಟ ಊರುಗಳಲ್ಲಿ ಮತ್ತು ಮೈಸೂರು ಅರಸರ ಆಶ್ರಯದಲ್ಲಿ. ಮೈಸೂರು ರೇಸ್ ಕ್ಲಬ್ ಆರಂಭವಾದದ್ದು 1891ರಲ್ಲಿ. ಬೆಂಗಳೂರು ಟರ್ಫ್ ಕ್ಲಬ್ 1962ರಲ್ಲಿ ಸ್ವತಂತ್ರವಾಗಿ ನೆಲೆಗೊಂಡಿತು. ರೇಸ್ ಮೈದಾನಗಳಿಗೆ ಪರವಾನಗಿ ನೀಡುವ ಮೈಸೂರು ರಾಜ್ಯದ ಕಾಯ್ದೆ 1952ರದು. ಕುದುರೆ ಓಟ ಜೂಜೇ, ಕೌಶಲ್ಯವೇ ಎಂಬ ಹಳೆಯ ಜಗಳಕ್ಕೆ 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತು. ತಮಿಳುನಾಡಿನ ಪ್ರಕರಣದಲ್ಲಿ ಅದು ಕುದುರೆ ಓಟವನ್ನು ಮುಖ್ಯವಾಗಿ ಕೌಶಲ್ಯದ ಆಟವೆಂದೇ ಪರಿಗಣಿಸಿತು.

ನಮ್ಮಲ್ಲಿ ರೇಸಿನ ಪ್ರಸಾರ ಬೆಳೆದ ಬಗೆಯೇ ಬೇರೆ. ಬ್ರಿಟನ್ನಿನಂತೆ ಮನೆಮನೆಯ ಹಬ್ಬವಾಗಿ ಅಲ್ಲ, ರೇಸ್ ಮೈದಾನದೊಳಗಿನ ಪರದೆಗಳಲ್ಲಿ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಓಡುವ ಕುದುರೆಗಳನ್ನು ಬೆಂಗಳೂರಿನ ಪರದೆಯಲ್ಲಿ ನೋಡುತ್ತ ಬಾಜಿ ಕಟ್ಟುವ ವ್ಯವಸ್ಥೆ ಬಂತು. ಎದುರಿನ ಮೈದಾನ ಖಾಲಿ, ಕಣ್ಣೆಲ್ಲ ಪೆಟ್ಟಿಗೆಯ ಮೇಲೆ! ಇಂಥ ಪ್ರಸಾರ ಕುದುರೆಯ ಸೌಂದರ್ಯಕ್ಕಿಂತ ಬಾಜಿಯ ಗಡಿಬಿಡಿಗೆ ಹೆಚ್ಚು ನೆರವಾಗುತ್ತದೆ ಎಂಬ ಟೀಕೆಯನ್ನು ತಳ್ಳಿಹಾಕುವುದು ಕಷ್ಟ. ಸಂಬಳದ ದಿನವೇ ಜೇಬು ಬರಿದು ಮಾಡಿಕೊಂಡು ಮನೆಗೆ ಮರಳಿದವರ ಕಥೆ ಬೆಂಗಳೂರಿಗರಿಗೆ ಹೊಸದೇನೂ ಅಲ್ಲ.

ಇದಕ್ಕೆ ಎದುರಾಗಿ ಉತ್ತರ ಕರ್ನಾಟಕಕ್ಕೆ ಟಿವಿ ಬಂದ ಕಥೆ ನೋಡಿ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಪ್ರಯೋಗ ಆರಂಭವಾಯಿತು. ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಒಂದು ವರ್ಷ ಕಾರ್ಯಕ್ರಮಗಳು ಬಂದವು. ಕರ್ನಾಟಕದಲ್ಲಿ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಜಮಖಂಡಿ, ಮುಧೋಳ, ಬೀಳಗಿ ತಾಲ್ಲೂಕುಗಳು ಆಗ ಬಿಜಾಪುರ ಜಿಲ್ಲೆಯಲ್ಲೇ ಇದ್ದವು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾಗುವುದಕ್ಕೆ (1981) ಆರು ವರ್ಷ ಮೊದಲೇ ಈ ಜಿಲ್ಲೆಗಳ ಹಳ್ಳಿಗರು ಕನ್ನಡ ಕಾರ್ಯಕ್ರಮ ನೋಡಿದ್ದರು! ಅದರಲ್ಲಿದ್ದದ್ದು ಬೇಸಾಯ, ಆರೋಗ್ಯ, ಶಿಕ್ಷಣ, ದನಕರುಗಳ ಪಾಲನೆ. ಪ್ರಾಣಿಯನ್ನು ಚೆನ್ನಾಗಿ ಸಾಕುವುದು ಹೇಗೆಂದು ಹೇಳಲೂ ಪರದೆ ಒದಗುತ್ತದೆ ಎಂಬ ಪಾಠವನ್ನು ನಾವು ಬೇಗ ಕಲಿತು ಬೇಗ ಮರೆತೆವು.

ಸಾಕ್ಷಿಕಟ್ಟೆಯಲ್ಲಿ ಚಿತ್ರ

ಸಂಘಟಕರ ಅಂಜಿಕೆಗೂ ಕಾರಣವಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಬಾಲ ತಿರುಚುವುದು, ಚುಚ್ಚುವುದು, ಹೊಡೆಯುವುದು ಮೊದಲಾದ ಹಿಂಸೆಯನ್ನು ಸ್ಥಳದಲ್ಲೇ ಕಂಡು ದಾಖಲಿಸಿದ ವರದಿಗಳೂ ಚಿತ್ರಗಳೂ ಆ ಪ್ರಕರಣದಲ್ಲಿ ತೂಕ ಪಡೆದವು. ಎತ್ತಿನ ದೇಹರಚನೆ ಕುದುರೆಯಂತೆ ಓಟಕ್ಕೆ ಆದದ್ದಲ್ಲ ಎಂದೂ ನ್ಯಾಯಾಲಯ ಹೇಳಿತು. ಸಿರಿವಂತರ ಕುದುರೆಗೆ ಒಂದು ನ್ಯಾಯ, ರೈತನ ಎತ್ತಿಗೆ ಇನ್ನೊಂದು ನ್ಯಾಯವೇ ಎಂಬ ಪ್ರಶ್ನೆ ಹಳ್ಳಿಗಳಲ್ಲಿ ಎದ್ದದ್ದು ಸಹಜ. 2017ರಲ್ಲಿ ಕರ್ನಾಟಕ ತಿದ್ದುಪಡಿ ಮಸೂದೆ ಅಂಗೀಕರಿಸಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆದರೆ ಈ ಅನುಮತಿಗೆ ಒಂದು ಕಟ್ಟಳೆಯಿದೆ. ಪ್ರಾಣಿಗೆ ಅನಗತ್ಯ ನೋವಾಗದಂತೆ ಓಟ ನಡೆಯಬೇಕು. ಆ ಕಟ್ಟಳೆ ಪಾಲನೆಯಾಯಿತೇ ಎಂದು ನಾಳೆ ಹೇಳುವುದೂ ಮತ್ತೆ ಚಿತ್ರವೇ.

ಹೆಮ್ಮೆಯ ಚಿತ್ರವೂ ದಾರಿ ತಪ್ಪಿಸಬಲ್ಲುದು. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದ ದೃಶ್ಯ ದೇಶವೆಲ್ಲ ಹರಿದಾಡಿತು. ಯಾರೋ ಲೆಕ್ಕ ಹಾಕಿ ಉಸೇನ್ ಬೋಲ್ಟ್‌ಗಿಂತ ವೇಗಿ ಎಂದರು. ಕ್ರೀಡಾ ಪ್ರಾಧಿಕಾರದಿಂದ ಪರೀಕ್ಷೆಗೆ ಕರೆಯೂ ಬಂತು. ಕೆಸರುಗದ್ದೆಯ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಗೌಡರೇ ವಿನಯದಿಂದ ಹಿಂದೆ ಸರಿದರು. ಅವರ ಮುಂದೆ ಓಡಿದ ಕೋಣಗಳ ಸುದ್ದಿಯನ್ನು ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ಪರದೆ ಸಂಖ್ಯೆಯನ್ನು ತೋರಿಸಿತು, ಪ್ರಾಣಿಯನ್ನು ಮರೆಸಿತು.

ಈಗ ಚಹಾದಂಗಡಿಯ ಮೂರು ಅಭಿಪ್ರಾಯಗಳಿಗೆ ಮರಳಬಹುದು. ಹೆಮ್ಮೆ ಪಡುವವರು ತಪ್ಪಿಲ್ಲ. ಹಿರಿಯರ ತಕರಾರೂ ಸರಿ. ಬದುವಿನ ಮೇಲೆ ನಿಂತವನಿಗೆ ಆ ಎತ್ತು ಯಾರ ಮನೆಯದು, ಬರಗಾಲದಲ್ಲಿ ಅದಕ್ಕೆ ಮೇವು ಹೊಂಚಿದ್ದು ಹೇಗೆ, ಕಳೆದ ವರ್ಷ ಅದು ಎಲ್ಲಿ ಮುಗ್ಗರಿಸಿತ್ತು ಎಂಬುದೆಲ್ಲ ಗೊತ್ತು. ಪರದೆಯ ಮುಂದಿನವನಿಗೆ ಗೊತ್ತಿರುವುದು ಮುಂದೆ ಯಾರು, ಹಿಂದೆ ಯಾರು ಎಂಬುದಷ್ಟೇ. ಇನ್ನು ಅಂಜುವವರಿಗೆ ಹೇಳಬಹುದಾದ ಮಾತು ಒಂದೇ. ಮೊಬೈಲ್ ಹಿಡಿದ ಹುಡುಗನನ್ನು ದೂರ ಓಡಿಸುವುದರಿಂದ ಶರ್ಯತ್ತು ಉಳಿಯುವುದಿಲ್ಲ. ಬಾರಕೋಲು ಕೆಳಗಿಟ್ಟರೆ ಉಳಿದೀತು. ಏಂಟ್ರಿಯವರು ಕ್ಯಾಮೆರಾ ಹೊರಗೆ ಹಾಕಲಿಲ್ಲ, ಬೇಲಿ ಬದಲಿಸಿದರು, ಏಟು ಎಣಿಸಿದರು.

ಆ ಹುಡುಗನಿಗೂ ಒಂದು ಕೋರಿಕೆ. ಗಾಡಿ ಗೆರೆ ದಾಟಿದ ಕೂಡಲೇ ಚಿತ್ರೀಕರಣ ನಿಲ್ಲಿಸಬೇಡ. ನೊಗ ಕಳಚಿದ ಮೇಲೆ ಎತ್ತಿನ ಹೆಗಲು ನೋಡುವ, ಕುದುರೆಯ ಬಾಯಿಯ ನೊರೆ ಒರೆಸುವ, ನೀರು ಕುಡಿಸಿ ಬೆನ್ನು ನೇವರಿಸುವ ಆ ಹೊತ್ತನ್ನೂ ತೋರಿಸು. ಗೆಲುವು ಕೆಲವೇ ನಿಮಿಷಗಳದು. ನಮ್ಮ ಸೀಮೆಯ ರೈತ ತನ್ನ ಪ್ರಾಣಿಯನ್ನು ಹೇಗೆ ನೋಡಿಕೊಂಡ ಎಂಬುದಕ್ಕೆ ಉಳಿಯುವ ಸಾಕ್ಷಿ ಅದೇ.